ದುಃಖಕ್ಕೆ ಮಾರ್ಚ್ 31 ಇಲ್ಲ: ಕೆನಡಾದ ಮೂಲನಿವಾಸಿ ಕುಟುಂಬಗಳ ಚೇತರಿಕೆಗೆ ಹಣ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಅಜ್ಜಿಯೊಬ್ಬರು ಕೈಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರಲ್ಲಿದ್ದ ರಸೀದಿಗಳನ್ನೆಲ್ಲ ನನ್ನ ಮೇಜಿನ ಮೇಲೆ ಹರವಿದರು. ಪೆಟ್ರೋಲಿನವು, ಮೋಟೆಲಿನವು, ಸೂಪು ಬ್ರೆಡ್ಡಿನವು. ಮೊಮ್ಮಗಳನ್ನು ಕೊಂದವನ ವಿಚಾರಣೆಗೆಂದು ಊರಿನಿಂದ ವಿನ್ನಿಪೆಗ್‌ಗೆ ಮೂರು ವಾರ ಓಡಾಡಿದ ಲೆಕ್ಕ ಅದು. ಎಲ್ಲಕ್ಕಿಂತ ಕೆಳಗೆ ನೋಟ್‌ಬುಕ್ಕಿನಿಂದ ಹರಿದ ಒಂದು ಚೂರು ಇತ್ತು. ಅದರಲ್ಲಿ ಪೆನ್ಸಿಲಿನಿಂದ "ಮೂಸ್ ಮಾಂಸ, 80" ಎಂದಷ್ಟೇ ಬರೆದಿತ್ತು. ಮೂಸ್ ಎಂದರೆ ಇಲ್ಲಿನ ಕಾಡಿನ ದೊಡ್ಡ ಜಿಂಕೆ. ಮೊಮ್ಮಗಳ ವರ್ಷದ ನೆನಪಿನ ಊಟಕ್ಕೆಂದು ಪಕ್ಕದ ಮನೆಯ ಬೇಟೆಗಾರನಿಂದ ಕೊಂಡದ್ದು.

ಅನುದಾನ ಕೊಟ್ಟವರು ಮೋಟೆಲ್ ಒಪ್ಪಿದರು, ಪೆಟ್ರೋಲ್ ಒಪ್ಪಿದರು. ಅಂಗಡಿಯ ಬಿಲ್ ಇಲ್ಲವೆಂದು ಆ 80 ಡಾಲರ್ ಒಪ್ಪಲಿಲ್ಲ. ಅಜ್ಜಿ ಏನೂ ಹೇಳದೆ ಆ ಚೂರನ್ನು ಮಡಚಿ ಮತ್ತೆ ಕವರಿಗೆ ಹಾಕಿಕೊಂಡರು. ಅರ್ಜಿ ಬರೆಯುವಾಗಲೇ ಆ ಊಟಕ್ಕೊಂದು ಬಾಬತ್ತು ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಬರೆದವಳು ನಾನೇ. ಈ ಮಾರ್ಗದರ್ಶಿ ಬರೆಯಲು ಆ ಚೂರು ಕಾಗದವೇ ಕಾರಣ.

ಕೆನಡಾದಲ್ಲಿ ಸಮಾಜಕಾರ್ಯ, ಲೆಕ್ಕಪತ್ರ, ಆರೋಗ್ಯಸೇವೆಗಳಲ್ಲಿ ದುಡಿಯುವ ಕನ್ನಡಿಗರು ಈಗ ಸಾಕಷ್ಟಿದ್ದಾರೆ. ಕೊಲೆಯಾದ, ಕಾಣೆಯಾದ ಹೆಣ್ಣುಮಕ್ಕಳ ಕುಟುಂಬಗಳಿಗೆ ಆಸರೆಯಾಗಲು ಮೂಲನಿವಾಸಿ ಮಹಿಳೆಯರು ನಡೆಸುವ ಸಣ್ಣ ಸಂಸ್ಥೆಗಳಲ್ಲಿ ಅರ್ಜಿ ಬರೆಯಲು, ಲೆಕ್ಕ ಇಡಲು ಹೋಗಿ ನಿಂತವರೂ ಇದ್ದಾರೆ. ಮೊದಲಿಗೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಮ್ಮ ಸಂಘದ ಕಡೆಯಿಂದ ಇಂಥ ಕೆಲಸಕ್ಕೆ ಹಣ ಕೊಡಬೇಕೆಂದಿರುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ, ಚಿಕ್ಕದಾಗಿ

ಕೆನಡಾದ ಕೇಂದ್ರ ಪೊಲೀಸ್ ಪಡೆ 2014ರಲ್ಲಿ ತನ್ನದೇ ಕಡತಗಳನ್ನು ಎಣಿಸಿ ಹೇಳಿದ ಸಂಖ್ಯೆ ಇದು: 1980ರಿಂದ 2012ರವರೆಗೆ 1,181 ಮೂಲನಿವಾಸಿ ಮಹಿಳೆಯರು. ಅವರಲ್ಲಿ 1,017 ಮಂದಿ ಕೊಲೆಯಾದವರು, 164 ಮಂದಿ ಕಾಣೆಯಾದವರು. ದೇಶದ ಹೆಣ್ಣುಮಕ್ಕಳಲ್ಲಿ ಮೂಲನಿವಾಸಿಗಳ ಪಾಲು ಶೇ. 4.3 ಇದ್ದರೆ, ಕೊಲೆಯಾದ ಹೆಣ್ಣುಮಕ್ಕಳಲ್ಲಿ ಅವರ ಪಾಲು ಶೇ. 16. ಇವು ಪೊಲೀಸರ ಕಡತಕ್ಕೆ ಬಂದವು ಮಾತ್ರ. ಕಡತಕ್ಕೆ ಬಾರದವರು ಎಷ್ಟೋ ಇದ್ದಾರೆಂದು ಕುಟುಂಬಗಳು ಅಂದಿನಿಂದಲೂ ಹೇಳುತ್ತಿವೆ.

ದಶಕಗಳ ಒತ್ತಾಯದ ನಂತರ 2016ರಲ್ಲಿ ರಾಷ್ಟ್ರೀಯ ವಿಚಾರಣಾ ಆಯೋಗ ಕೆಲಸ ಆರಂಭಿಸಿತು. ಮುಖ್ಯ ಆಯುಕ್ತೆ ಮರಿಯನ್ ಬುಲರ್. 2,300ಕ್ಕೂ ಹೆಚ್ಚು ಜನ ಅದರಲ್ಲಿ ಪಾಲ್ಗೊಂಡರು. 2019ರ ಜೂನ್ 3ರಂದು ಅಂತಿಮ ವರದಿ ಬಂತು. ಅದರಲ್ಲಿ ನ್ಯಾಯಕ್ಕಾಗಿ ಮುಂದಿಟ್ಟ 231 ಬೇಡಿಕೆಗಳಿವೆ. ಎರಡು ವರ್ಷದ ನಂತರ ಕೇಂದ್ರ ಸರ್ಕಾರ ತನ್ನ ಕಾರ್ಯಯೋಜನೆ ಪ್ರಕಟಿಸಿತು. 2021ರ ಬಜೆಟ್ಟಿನಲ್ಲಿ ಐದು ವರ್ಷಕ್ಕೆ 220 ಕೋಟಿ ಡಾಲರ್ ಎಂದು ಘೋಷಣೆಯಾಯಿತು. ಆ ದೊಡ್ಡ ಗಂಟಿನಲ್ಲಿ, ಕುಟುಂಬಗಳಿಗೆ ಮತ್ತು ಬದುಕುಳಿದವರಿಗೆ ನೇರ ಆಸರೆ ಎಂದು ತೆಗೆದಿಟ್ಟ ಬಾಬತ್ತು ಐದು ವರ್ಷಕ್ಕೆ 1.25 ಕೋಟಿ ಡಾಲರ್. ಇಡೀ ದೇಶಕ್ಕೆ, ಸಾವಿರಾರು ಮನೆಗಳಿಗೆ ಅಷ್ಟು. ನಾವು ಅರ್ಜಿಯಲ್ಲಿ ಬರೆಯುವ ಒಂದೊಂದು ಸಾಲಿಗೂ ಎಷ್ಟು ತೂಕವಿದೆ ಎಂದು ಇದರಿಂದ ಅಂದಾಜು ಮಾಡಿ.

ಹೆಜ್ಜೆ 1: ಹಣದ ಚುಕ್ಕಾಣಿ ಯಾರ ಕೈಯಲ್ಲಿ ಎಂದು ಮೊದಲು ತೀರ್ಮಾನಿಸಿ

ಕುಟುಂಬಗಳೇ ಅಥವಾ ಮೂಲನಿವಾಸಿಗಳೇ ನಡೆಸುವ ಸಂಸ್ಥೆಯ ಹೆಸರಿನಲ್ಲಿ ಅರ್ಜಿ ಹೋಗಬೇಕು. ನೀವು ಬರೆಯುವವರು, ಕೂಡಿ ಕಳೆಯುವವರು, ಅಷ್ಟೇ. ಯಾವ ಕುಟುಂಬಕ್ಕೆ ಏನು ಬೇಕು, ಯಾವ ಹಿರಿಯರನ್ನು ಕರೆಯಬೇಕು ಎಂಬುದನ್ನು ನಿರ್ಧರಿಸುವುದು ನಿಮ್ಮ ಕೆಲಸವಲ್ಲ. ಕೆಲವು ಅನುದಾನಗಳಲ್ಲಿ ಇದು ಅರ್ಹತೆಯ ಷರತ್ತೇ ಆಗಿರುತ್ತದೆ. ಷರತ್ತು ಇಲ್ಲದಿದ್ದರೂ ಹೀಗೇ ಮಾಡಿ.

ಅರ್ಜಿಯ ಮೊದಲ ಸಾಲು ಬರೆಯುವ ಮುಂಚೆ ಮೂರು ನಾಲ್ಕು ಕುಟುಂಬದವರನ್ನೂ ಒಬ್ಬ ಹಿರಿಯರನ್ನೂ ಸೇರಿಸಿ ಒಂದು ಸಣ್ಣ ಸಲಹಾ ಮಂಡಳಿ ಮಾಡಿಕೊಳ್ಳಿ. ಈ ಬಯಲುಸೀಮೆಯ ಕ್ರೀ ಮತ್ತು ಅನೀಶಿನಾಬೆ ಜನರಲ್ಲಿ ಹಿರಿಯರ ಬಳಿ ಏನನ್ನಾದರೂ ಕೇಳಿಕೊಳ್ಳುವಾಗ ಮೊದಲು ಹೊಗೆಸೊಪ್ಪು ಕೊಡುತ್ತಾರೆ. ಚಿಕ್ಕ ಬಟ್ಟೆಯಲ್ಲಿ ಒಂದು ಹಿಡಿ ಕಟ್ಟಿ, ಕೈಯಲ್ಲಿ ಹಿಡಿದು, ಏನು ಕೇಳಲು ಬಂದಿದ್ದೇವೆಂದು ಹೇಳಬೇಕು. ಅವರು ತೆಗೆದುಕೊಂಡರೆ ಒಪ್ಪಿದರು ಎಂದರ್ಥ. ತೆಗೆದುಕೊಳ್ಳದೆ ಇರಲೂಬಹುದು. ಮದುವೆ ಮನೆಗೆ ಕರೆಯಲು ಹೋಗುವಾಗ ಎಲೆ ಅಡಿಕೆ ಅಕ್ಷತೆ ಹಿಡಿದು ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಎಲ್ಲ ಜನಾಂಗಗಳ ಪದ್ಧತಿ ಒಂದೇ ಅಲ್ಲ. ಉತ್ತರದ ಹಿಮನಾಡಿನ ಇನ್ಯೂಟ್ ಕುಟುಂಬಗಳ ರೀತಿ ಬೇರೆ, ಪಶ್ಚಿಮ ಕರಾವಳಿಯವರದು ಬೇರೆ. ಕೇಳಿ ತಿಳಿದುಕೊಂಡೇ ಹೆಜ್ಜೆ ಇಡಿ.

ಈ ಸಭೆಗೆ ಬಂದವರಿಗೂ ಊಟ, ಓಡಾಟದ ಖರ್ಚು, ಗೌರವಧನ ಕೊಡಬೇಕು. ಅನುದಾನ ಬರುವ ಮೊದಲಿನ ಖರ್ಚಾದ್ದರಿಂದ ಅದನ್ನು ಸಂಸ್ಥೆಯ ಸ್ವಂತ ಹಣದಿಂದ ತೆಗೆದಿಡಿ. ದೇಣಿಗೆ ಕೊಡಬಯಸುವ ಕನ್ನಡ ಸಂಘವೊಂದು ಎಲ್ಲಿ ಕೈಜೋಡಿಸಲಿ ಎಂದು ಕೇಳಿದರೆ ನಾನು ಮೊದಲು ಬೆರಳಿಟ್ಟು ತೋರಿಸುವುದು ಈ ಜಾಗವನ್ನೇ.

ಹೆಜ್ಜೆ 2: ಈಗಾಗಲೇ ಇರುವ ಸೌಲಭ್ಯಗಳನ್ನು ಒಂದು ಹಾಳೆಗೆ ಇಳಿಸಿ

ಹೊಸ ಅನುದಾನಕ್ಕೆ ಕೈಯೊಡ್ಡುವ ಮುಂಚೆ, ಆ ಕುಟುಂಬಕ್ಕೆ ಹಕ್ಕಾಗಿ ಬರಬೇಕಾದದ್ದು ಬರುತ್ತಿದೆಯೇ ನೋಡಿ. ಎಷ್ಟೋ ಮನೆಗಳಿಗೆ ಯಾರೂ ಹೇಳಿರುವುದೇ ಇಲ್ಲ.

ಪ್ರತಿ ಪ್ರಾಂತ್ಯದಲ್ಲೂ ಕುಟುಂಬ ಮಾಹಿತಿ ಸಂಪರ್ಕ ಘಟಕವಿದೆ. ಇಲ್ಲಿ ಎಲ್ಲರೂ ಅದನ್ನು "ಫಿಲು" ಎನ್ನುತ್ತಾರೆ. 2016ರಲ್ಲಿ ಕೇಂದ್ರ ನ್ಯಾಯ ಇಲಾಖೆಯ ಹಣದಿಂದ ಶುರುವಾದದ್ದು. ತನಿಖೆ ಎಲ್ಲಿಗೆ ಬಂತು, ಮರಣೋತ್ತರ ವರದಿಯಲ್ಲಿ ಏನಿದೆ, ಮಗಳ ಬಟ್ಟೆಬರೆ ಯಾರ ಬಳಿ ಇದೆ ಎಂಬಂಥ ಪ್ರಶ್ನೆಗಳನ್ನು ಹಿಡಿದು ಕುಟುಂಬದ ಪರವಾಗಿ ಪೊಲೀಸ್, ಕರೋನರ್ (ಅಸಹಜ ಸಾವಿನ ಕಾರಣ ವಿಚಾರಿಸುವ ಅಧಿಕಾರಿ), ನ್ಯಾಯಾಲಯಗಳ ಬಾಗಿಲು ತಟ್ಟುವುದು ಇವರ ಕೆಲಸ. ಉತ್ತರ ಸಿಗದೆ ಹತ್ತು ವರ್ಷ ಕಳೆದ ತಾಯಿಗೆ ಒಂದು ಉತ್ತರ ಸಿಕ್ಕರೆ ಅದೂ ಚೇತರಿಕೆಯೇ.

ಕೇಂದ್ರದ ಮೂಲನಿವಾಸಿ ಸೇವಾ ಇಲಾಖೆಯು ಈ ಕುಟುಂಬಗಳಿಗೆ ಆಪ್ತಸಮಾಲೋಚನೆ, ಹಿರಿಯರ ಸಾಂಸ್ಕೃತಿಕ ಆಸರೆ, ಅದಕ್ಕಾಗಿ ಓಡಾಡುವ ಖರ್ಚನ್ನು ಭರಿಸುವ ಕಾರ್ಯಕ್ರಮ ನಡೆಸುತ್ತದೆ. ನೋಂದಾಯಿತ ಫಸ್ಟ್ ನೇಷನ್ಸ್ (ಕ್ರೀ, ಅನೀಶಿನಾಬೆಯಂಥ ಜನಾಂಗಗಳು) ಮತ್ತು ಇನ್ಯೂಟ್ ಜನರಿಗೆ ಆರೋಗ್ಯ ಸೌಲಭ್ಯ ಯೋಜನೆಯಡಿ ಮನಶ್ಶಾಸ್ತ್ರಜ್ಞರ ಶುಲ್ಕವೂ ಸಿಗುತ್ತದೆ. ಮೂಲನಿವಾಸಿ ಮತ್ತು ಯುರೋಪಿಯನ್ ವಂಶಗಳು ಬೆರೆತ ಮೇಟಿ ಜನರಿಗೆ ಆ ಯೋಜನೆ ಅನ್ವಯಿಸುವುದಿಲ್ಲ. ಅದಕ್ಕೇ ನಿಮ್ಮ ಬಜೆಟ್ಟಿನಲ್ಲಿ ಸಮಾಲೋಚನೆಗೂ ಒಂದು ಸಾಲು ಬೇಕಾಗುತ್ತದೆ. ಕಾಣೆಯಾದವರ, ಕೊಲೆಯಾದವರ ಕುಟುಂಬಗಳಿಗೆಂದೇ ಇರುವ ಸಹಾಯವಾಣಿ 1-844-413-6649 ಹಗಲೂ ರಾತ್ರಿ ತೆರೆದಿರುತ್ತದೆ. ಕ್ರೀ, ಅನೀಶಿನಾಬೆಮೊವಿನ್, ಇನುಕ್ಟಿಟುಟ್ ಭಾಷೆಗಳಲ್ಲೂ ಮಾತಾಡಬಹುದು. ಈ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಂಸ್ಥೆಯ ಫ್ರಿಜ್ ಮೇಲೆ ಅಂಟಿಸಿ.

ಅಪರಾಧ ಸಂತ್ರಸ್ತರ ಪರಿಹಾರ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬದಲಾಗುತ್ತದೆ. ಮ್ಯಾನಿಟೋಬಾ, ಬ್ರಿಟಿಷ್ ಕೊಲಂಬಿಯಾ, ಕ್ವಿಬೆಕ್‌ಗಳಲ್ಲಿ ಪರಿಹಾರ ಯೋಜನೆಗಳಿವೆ. ಒಂಟಾರಿಯೋ ತನ್ನ ಪರಿಹಾರ ಮಂಡಳಿಯನ್ನು 2019ರಲ್ಲಿ ಮುಚ್ಚಿತು. ಈಗ ಅಲ್ಲಿ ಸಿಗುವುದು ತುರ್ತು ನೆರವು ಮಾತ್ರ. ಗಡುವು ಎಲ್ಲ ಕಡೆಯೂ ಇದೆ, ಮೊದಲ ದಿನವೇ ವಿಚಾರಿಸಿ. 25 ವರ್ಷದೊಳಗಿನ ಮಗ ಅಥವಾ ಮಗಳನ್ನು ಅಪರಾಧದಲ್ಲಿ ಕಳೆದುಕೊಂಡು, ಕೆಲಸಕ್ಕೆ ಹೋಗಲಾಗದ ತಂದೆತಾಯಿಗೆ ಕೇಂದ್ರ ಸರ್ಕಾರ 35 ವಾರದವರೆಗೆ ಕೊಡುವ ನೆರವೂ ಇದೆ. ಪೆರೋಲ್ ವಿಚಾರಣೆಗೆ ಹಾಜರಾಗುವ ಕುಟುಂಬದವರ ಪ್ರಯಾಣ ವೆಚ್ಚವನ್ನು ನ್ಯಾಯ ಇಲಾಖೆಯ ಸಂತ್ರಸ್ತರ ನಿಧಿ ಕೊಡುತ್ತದೆ.

ಈ ಹಾಳೆ ತುಂಬಿದ ಮೇಲೆ ಖಾಲಿ ಉಳಿದ ಜಾಗಗಳನ್ನು ನೋಡಿ. ನಿಮ್ಮ ಅರ್ಜಿ ಬರೆಯಬೇಕಾದದ್ದು ಅವುಗಳಿಗೆ. ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ ಕಾಣೆಯಾದವರ ಮನೆಯದು. ದೇಹ ಸಿಕ್ಕಿಲ್ಲ, ಮರಣಪತ್ರವಿಲ್ಲ, ಅಪರಾಧ ನಡೆದಿದೆಯೆಂದು ಯಾರೂ ಬರೆದುಕೊಟ್ಟಿಲ್ಲ. ಹಾಗಾಗಿ ಬಹುಪಾಲು ಪರಿಹಾರ ಯೋಜನೆಗಳು ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ಅಳುವುದೋ ಕಾಯುವುದೋ ತಿಳಿಯದ ಮನೆ ಅದು.

ಹೆಜ್ಜೆ 3: "ಕುಟುಂಬ" ಎಂದರೆ ಯಾರೆಂದು ಕಾಗದದಲ್ಲಿ ಬರೆದಿಡಿ

ಸರ್ಕಾರಿ ನಮೂನೆಗಳಲ್ಲಿ ಕುಟುಂಬ ಎಂದರೆ ಗಂಡ ಹೆಂಡತಿ, ತಂದೆತಾಯಿ, ಮಕ್ಕಳು. ಆದರೆ ಆ ಹುಡುಗಿಯನ್ನು ಸಾಕಿದವರು ಅತ್ತೆಯೋ ದೊಡ್ಡಮ್ಮನೋ ಆಗಿರಬಹುದು. ಕ್ರೀ ಭಾಷೆಯಲ್ಲಿ ತಾಯಿಯ ಅಕ್ಕತಂಗಿಯರನ್ನು "ನಿಕಾವೀಸ್" ಎನ್ನುತ್ತಾರೆ. ನನ್ನ ತಾಯಿ ಎಂಬ "ನಿಕಾವಿ"ಯಿಂದಲೇ ಹುಟ್ಟಿದ ಪದ, ನಮ್ಮ ಚಿಕ್ಕಮ್ಮನ ಹಾಗೆಯೇ. ಚಿಕ್ಕಮ್ಮನನ್ನು ದೂರದ ಸಂಬಂಧಿ ಎಂದು ನಮೂನೆಯಲ್ಲಿ ತುಂಬಿಸಿಕೊಳ್ಳುವ ಅನ್ಯಾಯ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ.

ಆದ್ದರಿಂದ ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ: ಆಕೆಯನ್ನು ಸಾಕಿದವರು, ಆಕೆ ಸಾಕಿದವರು, ರೂಢಿಯಂತೆ ದತ್ತು ಪಡೆದವರು, ಆಕೆ ತನ್ನವರೆಂದು ಕರೆಯುತ್ತಿದ್ದವರು ಎಲ್ಲರೂ ಈ ಯೋಜನೆಯಲ್ಲಿ ಕುಟುಂಬವೇ. ಸಂದೇಹ ಬಂದಾಗ ಸಲಹಾ ಮಂಡಳಿ ತೀರ್ಮಾನಿಸುತ್ತದೆ ಎಂದೂ ಸೇರಿಸಿ. ಒಪ್ಪಂದಕ್ಕೆ ಸಹಿ ಬೀಳುವ ಮುಂಚೆ ಈ ಸಾಲು ಇದ್ದರೆ ಮುಂದೆ ಲೆಕ್ಕ ಪರಿಶೋಧಕರು ಕೇಳಿದಾಗ ಬೆರಳಿಟ್ಟು ತೋರಿಸಬಹುದು.

ಹೆಜ್ಜೆ 4: ಕುಟುಂಬದ ವರ್ಷವನ್ನು ಕ್ಯಾಲೆಂಡರಿಗೆ ಇಳಿಸಿ

ಕೆನಡಾ ಸರ್ಕಾರದ ಹಣಕಾಸು ವರ್ಷವೂ ನಮ್ಮ ದೇಶದ ಹಾಗೆ ಏಪ್ರಿಲ್ 1ರಿಂದ ಮಾರ್ಚ್ 31. "ಮಾರ್ಚ್ ಎಂಡ್" ತಲೆಬಿಸಿ ಇಲ್ಲಿಯೂ ತಪ್ಪಿದ್ದಲ್ಲ. ಹಣ ಮಂಜೂರಾಗಿ ಕೈಗೆ ಬರುವುದು ಎಷ್ಟೋ ಸಲ ಶರತ್ಕಾಲದಲ್ಲಿ. ಆಮೇಲೆ ಆರು ತಿಂಗಳಲ್ಲಿ ಖರ್ಚು ಮಾಡಿ ಮುಗಿಸಬೇಕು. ದುಃಖ ಆ ಲೆಕ್ಕಕ್ಕೆ ಬಗ್ಗುವುದಿಲ್ಲ.

ಹಾಗಾಗಿ ಗೋಡೆಗೆ ಒಂದು ದೊಡ್ಡ ಕ್ಯಾಲೆಂಡರ್ ತಗುಲಿಸಿ, ಕುಟುಂಬದವರ ಜತೆ ಕುಳಿತು ಗುರುತು ಹಾಕಿ. ಮೇ 5 ಕೆಂಪು ಉಡುಪಿನ ದಿನ, ಕಾಣೆಯಾದವರ ನೆನಪಿಗೆ ಖಾಲಿ ಕೆಂಪು ಉಡುಪುಗಳನ್ನು ಮರಗಳಿಗೆ, ಕಂಬಗಳಿಗೆ ತೂಗುಹಾಕುವ ದಿನ. ಅಕ್ಟೋಬರ್ 4ರಂದು ದೇಶದ ಉದ್ದಗಲಕ್ಕೂ ದೀಪ ಹಿಡಿದು ನಿಲ್ಲುತ್ತಾರೆ. ಫೆಬ್ರವರಿ 14ರಂದು ವ್ಯಾಂಕೂವರ್‌ನಲ್ಲಿ 1990ರ ದಶಕದ ಆರಂಭದಿಂದ ನಡೆದು ಬಂದ ಸ್ಮರಣ ಮೆರವಣಿಗೆ ಇದೆ, ಬೇರೆ ಊರುಗಳಲ್ಲೂ ನಡೆಯುತ್ತದೆ. ಇವು ಎಲ್ಲರಿಗೂ ಗೊತ್ತಿರುವ ದಿನಗಳು. ಆ ಮನೆಗೆ ಮಾತ್ರ ಗೊತ್ತಿರುವ ದಿನಗಳನ್ನು ಅವರನ್ನೇ ಕೇಳಬೇಕು: ಆಕೆಯ ಹುಟ್ಟುಹಬ್ಬ, ಕೊನೆಯ ಸಲ ಫೋನ್ ಬಂದ ದಿನ, ದೇಹ ಸಿಕ್ಕ ದಿನ, ವಿಚಾರಣೆಯ ದಿನಾಂಕ, ಕ್ರಿಸ್‌ಮಸ್. ಹಲವು ಅನೀಶಿನಾಬೆ ಮನೆಗಳಲ್ಲಿ ಸಾವಿನ ನಂತರ ನಾಲ್ಕು ದಿನ ಬೆಂಕಿ ಆರದಂತೆ ಕಾಯುತ್ತಾರೆ. ರಾತ್ರಿಯಿಡೀ ಕೂರುವವರಿಗೆ ಸೌದೆ, ಚಹಾ, ಬೆಚ್ಚನೆ ಹೊದಿಕೆ ಬೇಕು. ಮೈನಸ್ 30 ಡಿಗ್ರಿಯ ಜನವರಿಯಲ್ಲಿ ಒಂದು ಟ್ರಕ್ ಸೌದೆ ದೊಡ್ಡ ಖರ್ಚು. ಅದನ್ನು ಯಾವ ನಮೂನೆಯೂ ತಾನಾಗಿ ಕೇಳುವುದಿಲ್ಲ.

ಕ್ಯಾಲೆಂಡರ್ ತುಂಬಿದಾಗ ಬಜೆಟ್ ಅರ್ಧ ಬರೆದಂತೆಯೇ.

ಹೆಜ್ಜೆ 5: ಬಜೆಟ್

ಇಲ್ಲಿ ಸ್ವಲ್ಪ ನಿಧಾನಿಸೋಣ, ಎಡವುವುದೆಲ್ಲ ಇಲ್ಲೇ. ಒಂದು ಮಾದರಿ ಲೆಕ್ಕ ಹಾಕಿ ತೋರಿಸುತ್ತೇನೆ. 12 ಕುಟುಂಬ, ಹತ್ತಿರ ಹತ್ತಿರ 40 ಜನ, ಒಂದು ವರ್ಷ. ದರಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ತಿಂಗಳಿಗೊಂದು ಸೇರುವಿಕೆ. ವೃತ್ತವಾಗಿ ಕುಳಿತು ಒಬ್ಬೊಬ್ಬರೇ ಮಾತಾಡುವುದು, ಮಾತಾಡಲು ಇಷ್ಟವಿಲ್ಲದವರು ಮಣಿ ಪೋಣಿಸುತ್ತ ಸುಮ್ಮನೆ ಕೂರುವುದು. ಇಬ್ಬರು ಹಿರಿಯರಿಗೆ ತಲಾ 300 ಡಾಲರ್‌ನಂತೆ 600. ಊಟ ತಲಾ 18ರಂತೆ 720. ಟ್ಯಾಕ್ಸಿ, ಬಸ್ಸು 250. ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು, ನಾಲ್ಕು ಗಂಟೆ, ಗಂಟೆಗೆ 22ರಂತೆ 176. ಹೊಗೆಸೊಪ್ಪು, ಧೂಪಕ್ಕೆ ಸೇಜ್ ಎಲೆ, ಬಟ್ಟೆ 60. ಒಂದು ಸಲಕ್ಕೆ 1,806 ಡಾಲರ್, ವರ್ಷಕ್ಕೆ 21,672.

ಊಟದ ಸಾಲನ್ನು ಮೊದಲು ಕತ್ತರಿಸುವ ಆಸೆ ಎಲ್ಲರಿಗೂ ಬರುತ್ತದೆ, ದಯವಿಟ್ಟು ಅದನ್ನು ಮುಟ್ಟಬೇಡಿ. ಜನ ಮೊದಲ ಸಲ ಬರುವುದು ಊಟಕ್ಕೆ. ಮೂರನೇ ಸಲ ಬಂದಾಗ ಒಂದು ಮಾತಾಡುತ್ತಾರೆ. ಮಕ್ಕಳನ್ನು ನೋಡಿಕೊಳ್ಳುವ ಸಾಲೂ ಅಷ್ಟೇ. ಮಗಳು ಹೋದ ಮೇಲೆ ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರು ಮಕ್ಕಳನ್ನು ಬಿಟ್ಟು ಎಲ್ಲಿಗೂ ಬರಲಾರರು.

ಕುಟುಂಬದ ಇಷ್ಟಕ್ಕೆ ಬಿಟ್ಟ ಹಣ, ಮನೆಗೆ 1,500ರಂತೆ 18,000. ಒಂದು ಮನೆಯವರು ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಾರೆ. ಇನ್ನೊಂದು ಮನೆಯವರು ಬಿಸಿ ಕಲ್ಲಿನ ಹಬೆಯಲ್ಲಿ ಕುಳಿತು ಪ್ರಾರ್ಥಿಸುವ ಸ್ವೆಟ್ ಲಾಡ್ಜ್‌ಗೆ ಹೋಗಿ ಬರುತ್ತಾರೆ. ಮತ್ತೊಬ್ಬರು ಆಕೆ ಹುಟ್ಟಿದ ಹಳ್ಳಿಗೆ ಮಕ್ಕಳನ್ನು ಕರೆದೊಯ್ಯುತ್ತಾರೆ.

ನೆನಪಿನ ಊಟ, ಮನೆಗೆ 900ರಂತೆ 10,800. ಇದರಲ್ಲೇ "ಬೇಟೆಯ ಮಾಂಸ, ಮೀನು, ಕಾಡಿನ ಹಣ್ಣು, ಸ್ಥಳೀಯರಿಂದ" ಎಂದು ಒಳಬಾಬತ್ತು ಇರಲಿ. ಅಂಗಡಿ ಬಿಲ್ ಬದಲು ಕೊಟ್ಟವರ, ಪಡೆದವರ ಸಹಿ ಇರುವ ಒಂದು ಪುಟದ ಚೀಟಿ ಸಾಕು ಎಂಬುದನ್ನು ಒಪ್ಪಂದದ ಹಂತದಲ್ಲೇ ಬರಹದಲ್ಲಿ ಒಪ್ಪಿಸಿಕೊಳ್ಳಿ. ಆ 80 ಡಾಲರ್ ನನಗೆ ಕಲಿಸಿದ ಪಾಠ ಇದು. ಈಗ ಪ್ರತಿ ಅರ್ಜಿಯಲ್ಲೂ ಹಾಕುತ್ತೇನೆ. ಮೊದಲೇ ಕೇಳಿದಾಗ ಬೇಡವೆಂದವರು ಈವರೆಗೆ ಯಾರೂ ಇಲ್ಲ.

ನ್ಯಾಯಾಲಯ, ಕರೋನರ್ ವಿಚಾರಣೆಗಳಿಗೆ ಓಡಾಟ, ಆರು ಸಲಕ್ಕೆ 1,400ರಂತೆ 8,400. ಬೇರೆಲ್ಲೂ ಸಿಗದವರಿಗೆ ಸಮಾಲೋಚನೆ, 60 ಭೇಟಿ, 160ರಂತೆ 9,600. ಅರೆಕಾಲಿಕ ಸಂಯೋಜಕಿಯ ಸಂಬಳ 32,000. ಆಕೆಗೆ ಬೇಕಾದ ಆಸರೆ 2,400. ಈ ಕೊನೆಯ ಸಾಲನ್ನು ಅನಗತ್ಯ ಎನ್ನುವವರಿದ್ದಾರೆ. ಸಂಯೋಜಕಿಯೂ ಹೆಚ್ಚಾಗಿ ಇಂಥದೇ ಮನೆಯಿಂದ ಬಂದ ಹೆಣ್ಣುಮಗಳು. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವಳು. ಆಕೆಯ ಮನಸ್ಸಿನ ಭಾರ ಇಳಿಸಲು ತಿಂಗಳಿಗೆ 200 ಡಾಲರ್ ಹೆಚ್ಚೇನಲ್ಲ.

ಒಟ್ಟು 1,02,872. ಇದಕ್ಕೆ ಬಾಡಿಗೆ, ಲೆಕ್ಕಪತ್ರ, ವಿಮೆಗೆಂದು ಶೇ. 12 ಸೇರಿಸಿದರೆ 12,345. ಎಲ್ಲ ಸೇರಿ 1,15,217 ಡಾಲರ್, ಅಂದರೆ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು 9,600.

ಎರಡು ಎಚ್ಚರಿಕೆಗಳಿವೆ. ಒಂದು, ಗೌರವಧನದ್ದು. ಒಬ್ಬರಿಗೇ ವರ್ಷದಲ್ಲಿ 500 ಡಾಲರ್ ದಾಟಿದರೆ ತೆರಿಗೆ ಇಲಾಖೆಗೆ ಟಿ4ಎ ಎಂಬ ಪಾವತಿ ವಿವರದ ಚೀಟಿ ಕೊಡಬೇಕಾಗಿ ಬರುತ್ತದೆ. ಅದಕ್ಕೆ ಅವರ ಸಾಮಾಜಿಕ ವಿಮಾ ಸಂಖ್ಯೆ ಬೇಕು. ಪ್ರಾರ್ಥನೆ ಮುಗಿಸಿ ಎದ್ದ ಹಿರಿಯರ ಮುಂದೆ ಆ ನಮೂನೆ ಹಿಡಿದು ನಿಲ್ಲಬೇಡಿ. ವರ್ಷದ ಮೊದಲೇ ಕುಳಿತು ವಿವರಿಸಿ, ಲೆಕ್ಕಿಗರ ಸಲಹೆ ಪಡೆದು ದಾರಿ ಹುಡುಕಿ. ಗೌರವಧನವನ್ನಂತೂ ಅದೇ ದಿನ, ಕವರಿನಲ್ಲಿಟ್ಟು, ಎರಡು ಕೈಯಲ್ಲಿ ಕೊಡಿ. ಆರು ವಾರದ ನಂತರ ಅಂಚೆಯಲ್ಲಿ ಚೆಕ್ ಕಳಿಸುವುದು ಹಿರಿಯರಿಗೆ ಮಾಡುವ ಮರ್ಯಾದೆಯಲ್ಲ.

ಎರಡನೆಯದು ಇನ್ನೂ ಗಂಭೀರ. ಸರ್ಕಾರದ ಜೀವನ ನೆರವಿನಲ್ಲಿ ಬದುಕುವ ಕುಟುಂಬದ ಕೈಗೆ ನೀವು 1,500 ಡಾಲರ್ ಕೊಟ್ಟರೆ ಅದನ್ನು ಆದಾಯವೆಂದು ಎಣಿಸಿ ಮುಂದಿನ ತಿಂಗಳ ನೆರವು ಕಡಿತವಾಗಬಹುದು. ನಮ್ಮ ಕೈಯಿಂದ ಕೊಟ್ಟು ಸರ್ಕಾರದ ಕೈಯಿಂದ ಕಸಿದಂತೆ. ಕೊಡುವ ಮೊದಲೇ ನೆರವಿನ ಅಧಿಕಾರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಇಲ್ಲವೇ ಕಲ್ಲು ಕೆತ್ತುವವರಿಗೆ, ಬಸ್ ಕಂಪನಿಗೆ ಸಂಸ್ಥೆಯಿಂದಲೇ ನೇರ ಪಾವತಿ ಮಾಡಿ.

ಹೆಜ್ಜೆ 6: ಹಣ ಎಲ್ಲಿಂದ

ಒಂದೇ ಬಾವಿಯನ್ನು ನಂಬಬೇಡಿ. ಕೇಂದ್ರದಲ್ಲಿ ಕ್ರೌನ್–ಮೂಲನಿವಾಸಿ ಸಂಬಂಧಗಳ ಇಲಾಖೆಯ ಕುಟುಂಬ ಕ್ಷೇಮ ಯೋಜನೆ ಮತ್ತು ನ್ಯಾಯ ಇಲಾಖೆಯ ಸಂತ್ರಸ್ತರ ನಿಧಿ ಮುಖ್ಯ. ಪ್ರಾಂತ್ಯಗಳದು ಬೇರೆ ಬೇರೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಪಾತ್ ಫಾರ್ವರ್ಡ್ ಕಮ್ಯುನಿಟಿ ಫಂಡನ್ನು ಮೂಲನಿವಾಸಿ ಫ್ರೆಂಡ್‌ಶಿಪ್ ಸೆಂಟರುಗಳ (ನಗರಗಳಲ್ಲಿನ ಮೂಲನಿವಾಸಿಗಳ ಸೇವಾ ಕೇಂದ್ರಗಳು) ಒಕ್ಕೂಟವೇ ಹಂಚುತ್ತದೆ. ಹೀಗೆ ಮೂಲನಿವಾಸಿಗಳ ಕೈಯಿಂದಲೇ ಹಂಚಿಕೆಯಾಗುವ ಹಣದ ನಿಯಮಗಳು ಕುಟುಂಬಗಳ ಬದುಕಿಗೆ ಹತ್ತಿರ ಇರುತ್ತವೆ ಎಂಬುದು ನನ್ನ ಅನುಭವ. 2020ರಲ್ಲಿ ಶುರುವಾದ ಇಂಡಿಜಿನಸ್ ಪೀಪಲ್ಸ್ ರೆಸಿಲಿಯನ್ಸ್ ಫಂಡ್ ಕೂಡ ಅಂಥದೇ. ಊರಿನ ಸಮುದಾಯ ಪ್ರತಿಷ್ಠಾನಗಳನ್ನೂ ಕೇಳಿ. ವಿನ್ನಿಪೆಗ್ ಫೌಂಡೇಶನ್ 1921ರಿಂದ ಇದೆ, ದೇಶದಲ್ಲೇ ಮೊದಲನೆಯದು. ಸರ್ಕಾರದ ಹಣ ತಡವಾದಾಗ ಸಣ್ಣ ಪ್ರತಿಷ್ಠಾನದ 5,000 ಡಾಲರ್ ಒಂದು ಮನೆಯ ವರ್ಷದ ಊಟವನ್ನು ಕಾಪಾಡಿದ್ದನ್ನು ಕಂಡಿದ್ದೇನೆ.

ಸರ್ಕಾರದ ಹಣದಲ್ಲಿ ಎರಡು ಬಗೆ. "ಗ್ರಾಂಟ್" ಆದರೆ ಅರ್ಹತೆ ನೋಡಿ ಕೊಡುತ್ತಾರೆ, ಲೆಕ್ಕದ ಹೊರೆ ಕಡಿಮೆ. "ಕಾಂಟ್ರಿಬ್ಯೂಷನ್" ಆದರೆ ಪ್ರತಿ ಖರ್ಚಿಗೂ ಉತ್ತರ ಕೊಡಬೇಕು, ಆಡಿಟ್ ಬರಬಹುದು. ಯಾವ ಬಗೆ ಎಂದು ಮೊದಲ ಫೋನಿನಲ್ಲೇ ಕೇಳಿ. ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದೇ, ಬಾಬತ್ತಿನಿಂದ ಬಾಬತ್ತಿಗೆ ಎಷ್ಟು ಶೇಕಡಾ ಬದಲಾಯಿಸಬಹುದು, ಮುಂಗಡ ಕೊಡುತ್ತಾರೋ ಖರ್ಚು ಮಾಡಿದ ಮೇಲೆ ಕೊಡುತ್ತಾರೋ ಎಂಬುದನ್ನೂ ಅದೇ ಫೋನಿನಲ್ಲಿ ತಿಳಿದುಕೊಳ್ಳಿ. ಸಣ್ಣ ಸಂಸ್ಥೆಗೆ ಮುಂಗಡವಿಲ್ಲದ ಅನುದಾನ ಕೊರಳಿಗೆ ಕಲ್ಲು ಕಟ್ಟಿಕೊಂಡಂತೆ.

ಕನ್ನಡ ಸಂಘಗಳಿಗೆ ಒಂದು ಮಾತು. ರಾಜ್ಯೋತ್ಸವದಲ್ಲೋ ಯುಗಾದಿಯಲ್ಲೋ ಹಣ ಕೂಡಿಸಿ ಕೊಡುವುದಾದರೆ, ಪಡೆಯುವ ಸಂಸ್ಥೆ ನೋಂದಾಯಿತ ದತ್ತಿ ಸಂಸ್ಥೆಯೇ ಎಂದು ತೆರಿಗೆ ಇಲಾಖೆಯ ಪಟ್ಟಿಯಲ್ಲಿ ನೋಡಿ. ತೆರಿಗೆ ರಸೀದಿ ಸಿಗುವುದು ಆಗ ಮಾತ್ರ. ನೋಂದಾಯಿತವಲ್ಲದ ಕುಟುಂಬಗಳ ಗುಂಪಿಗೂ ದಾರಿಯಿದೆ. 2022ರಲ್ಲಿ ಕಾನೂನು ಬದಲಾದ ಮೇಲೆ, ನೋಂದಾಯಿತ ದತ್ತಿ ಸಂಸ್ಥೆಯೊಂದು ಸರಿಯಾದ ಉಸ್ತುವಾರಿ ಇಟ್ಟು ಅಂಥ ಗುಂಪಿಗೆ ಹಣ ದಾಟಿಸಬಹುದು. ಒಂದು ಸಲ ಕೊಡುವುದಕ್ಕಿಂತ ಮೂರು ವರ್ಷ ಸ್ವಲ್ಪ ಸ್ವಲ್ಪ ಕೊಡಿ, ಷರತ್ತಿಲ್ಲದೆ ಕೊಡಿ. ಮಗಳನ್ನು ಕಳೆದುಕೊಂಡ ತಾಯಿಯನ್ನು ವೇದಿಕೆಗೆ ಕರೆದು ದೊಡ್ಡ ಚೆಕ್ಕಿನ ಜತೆ ಫೋಟೋ ತೆಗೆಸಬೇಡಿ.

ಹೆಜ್ಜೆ 7: ಅರ್ಜಿ ಬರೆಯುವುದು

"ಅಗತ್ಯವೇನು" ಎಂಬ ಪ್ರಶ್ನೆಗೆ ಉತ್ತರವಾಗಿ ಆಯೋಗದ ಬೇಡಿಕೆಗಳನ್ನೇ ಹಿಡಿಯಿರಿ. ಆರೋಗ್ಯ, ಕ್ಷೇಮ ಸೇವೆಗಳಿಗೆ ಸಾಕಷ್ಟು, ಸ್ಥಿರ, ನಿರಂತರ ಹಣ ಬೇಕೆಂದು 3.2ನೇ ಬೇಡಿಕೆ ಹೇಳುತ್ತದೆ. ಸಂತ್ರಸ್ತರ ಸೇವೆ ಮತ್ತು ಚೇತರಿಕೆಯ ಕೆಲಸ ಮಾಡುವ ಮೂಲನಿವಾಸಿ ಸಂಸ್ಥೆಗಳಿಗೆ ಹಣ ಕೊಡಬೇಕೆಂದು 5.6 ಹೇಳುತ್ತದೆ. ಸರ್ಕಾರ ತಾನೇ ನೇಮಿಸಿದ ಆಯೋಗದ ಮಾತು ಇದು. ದಯೆ ಬೇಡುವ ಧಾಟಿ ಅರ್ಜಿಯಲ್ಲಿ ಬೇಕಿಲ್ಲ.

ಕುಟುಂಬದ ಕಥೆಯನ್ನು ಅರ್ಜಿಯಲ್ಲಿ ಬರೆಯಬೇಡಿ. ಹೆಸರು, ಊರು, ಹೇಗೆ ಸತ್ತಳು ಎಂಬ ವಿವರ ಯಾವುದೂ ಬೇಡ. ಮನ ಕರಗಿಸಲು ಕಥೆ ಬೇಕೆಂದು ಕೆಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಆ ತಾಯಿ ಪೊಲೀಸರಿಗೆ, ವಕೀಲರಿಗೆ, ಪತ್ರಕರ್ತರಿಗೆ, ಆಯೋಗಕ್ಕೆ ಅದೇ ಕಥೆ ಹೇಳಿ ಹೇಳಿ ಬಸವಳಿದಿದ್ದಾರೆ. ಊಟಕ್ಕೆ ಹಣ ಕೇಳಲು ಅದನ್ನು ಮತ್ತೆ ಹೇಳಿಸಬಾರದು. ತನಿಖೆ ನಡೆಯುತ್ತಿದ್ದರೆ ಬೇರೆ ತೊಂದರೆಗಳೂ ಇವೆ. ಮಾಹಿತಿ ಯಾರದು, ಯಾರ ಹತೋಟಿಯಲ್ಲಿ, ಯಾರು ನೋಡಬಹುದು, ಎಲ್ಲಿ ಇರುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಫಸ್ಟ್ ನೇಷನ್ಸ್ ಜನ ರೂಪಿಸಿಕೊಂಡ ತತ್ವಗಳಿವೆ, "ಓಕ್ಯಾಪ್" ಎನ್ನುತ್ತಾರೆ. ಅದರಂತೆ ನಡೆಯುತ್ತೇವೆಂದು ಬರೆಯಿರಿ, ಬರೆದಂತೆ ನಡೆಯಿರಿ.

ಸಲ್ಲಿಸುವ ಮೊದಲು ಸಲಹಾ ಮಂಡಳಿಗೆ ಅರ್ಜಿಯನ್ನು ಪೂರ್ತಿ ಓದಿ ಹೇಳಿ. ಒಮ್ಮೆ ನಾನು "ಗುಣಮುಖರಾದ ಕುಟುಂಬಗಳ ಸಂಖ್ಯೆ" ಎಂದು ಬರೆದಿದ್ದೆ. ಕೇಳುತ್ತಿದ್ದ ಹೆಣ್ಣುಮಗಳೊಬ್ಬಳು, "ನಾವು ಗುಣ ಆಗಲ್ಲ. ಹೊತ್ತುಕೊಳ್ಳೋದು ಕಲೀತೀವಿ," ಎಂದಳು. ಆ ಸಾಲನ್ನು ಅಲ್ಲೇ ಅಳಿಸಿದೆ.

ಹೆಜ್ಜೆ 8: ಹಣ ಬಂದ ಮೇಲೆ

ಮೊದಲ ವಾರದಲ್ಲೇ ಸಂಯೋಜಕಿಯ ಕೈಗೆ 500 ಡಾಲರ್ ಸಣ್ಣ ನಗದು ಕೊಡಿ, ಅದಕ್ಕೊಂದು ಪುಸ್ತಕ ಇಡಿ. ರಾತ್ರಿ ಟ್ಯಾಕ್ಸಿಗೆ ಯಾರೂ ಅನುಮೋದನೆಗಾಗಿ ಕಾಯಲಾರರು. ರಸೀದಿಗಳ ಫೋಟೋವನ್ನು ಅಂದಂದೇ ತೆಗೆದುಕೊಳ್ಳಿ, ಪೆಟ್ರೋಲ್ ಬಂಕಿನ ಚೀಟಿ ಎರಡು ತಿಂಗಳಲ್ಲಿ ಬಿಳಿಯಾಗುತ್ತದೆ. ಸಂಯೋಜಕಿಯ ಟಿಪ್ಪಣಿಯಲ್ಲಿ ಬಂದವರ ಸಂಖ್ಯೆ ಇರಲಿ, ಯಾರು ಏನು ಹೇಳಿದರೆಂಬುದು ಬೇಡ. ಸಮಾಲೋಚನೆಯ ದಾಖಲೆಗಳನ್ನು ಪ್ರತಿವಾದಿ ವಕೀಲರು ನ್ಯಾಯಾಲಯದಲ್ಲಿ ಕೇಳುವ ಸಂದರ್ಭಗಳಿರುತ್ತವೆ. ಡಿಸೆಂಬರಿನಲ್ಲಿ ಒಮ್ಮೆ ಬಜೆಟ್ ಬಿಚ್ಚಿ ನೋಡಿ. ವಿಚಾರಣೆ ಮುಂದೂಡಿ ಪ್ರಯಾಣದ ಹಣ ಉಳಿದಿದ್ದರೆ ಜನವರಿಯಲ್ಲೇ ಬದಲಾವಣೆಗೆ ಕೇಳಿ. ಮಾರ್ಚ್ ಮೂರನೇ ವಾರದಲ್ಲಿ ಕೇಳಿದರೆ ಹಣ ವಾಪಸ್ಸು ಹೋಗುತ್ತದೆ.

ಹೆಜ್ಜೆ 9: ವರದಿ

ಏನನ್ನು ಎಣಿಸಬೇಕೆಂದು ಕುಟುಂಬಗಳನ್ನೇ ಕೇಳಿ. ನಮ್ಮಲ್ಲಿ ಅವರು ಆರಿಸಿದ್ದು ಮೂರೇ ಪ್ರಶ್ನೆ: ಕಷ್ಟದ ರಾತ್ರಿ ಫೋನ್ ಮಾಡಲು ನಿನಗೊಬ್ಬರು ಇದ್ದಾರೆಯೇ, ಈ ವರ್ಷ ಆಕೆಯ ಹೆಸರನ್ನು ನಾಲ್ಕು ಜನರ ಮುಂದೆ ಹೇಳಿದೆಯಾ, ಮುಂದಿನ ತಿಂಗಳೂ ಬರುತ್ತೀಯಾ. ಉತ್ತರ ಹೌದು ಅಥವಾ ಇಲ್ಲ. ಹಣ ಕೊಟ್ಟವರು ಇದನ್ನು ಒಪ್ಪಿದರು, ಏಕೆಂದರೆ ಅರ್ಜಿಯಲ್ಲೇ ಬರೆದಿದ್ದೆವು.

ಹಣ ನಿಲ್ಲುವ ದಿನಕ್ಕೆ ಮೊದಲ ದಿನದಿಂದಲೇ ತಯಾರಿ

ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ಸೇರಿಸುತ್ತಿದ್ದ ವಸತಿ ಶಾಲೆಗಳ ಗಾಯಗಳಿಗೆಂದು 1998ರಲ್ಲಿ 35 ಕೋಟಿ ಡಾಲರ್‌ನೊಂದಿಗೆ ಅಬೊರಿಜಿನಲ್ ಹೀಲಿಂಗ್ ಫೌಂಡೇಶನ್ ಹುಟ್ಟಿತು. ಮೂಲನಿವಾಸಿಗಳೇ ನಡೆಸಿದರು, ಊರೂರಿನ ಯೋಜನೆಗಳಿಗೆ ಹಣ ಹೋಯಿತು. ಸರ್ಕಾರ ಹಣ ಮುಂದುವರಿಸಲಿಲ್ಲ, 2014ರಲ್ಲಿ ಬಾಗಿಲು ಮುಚ್ಚಿತು. ಅಂಥ ಯೋಜನೆಗಳಲ್ಲಿ ದುಡಿದ ಹಿರಿಯರು ಇಂದಿಗೂ ಹೊಸ ಅನುದಾನ ಎಂದ ಕೂಡಲೇ "ಎಷ್ಟು ದಿನಕ್ಕೆ?" ಎಂದು ಕೇಳುತ್ತಾರೆ. ಅವರಿಗೆ ಮೊದಲ ಸಭೆಯಲ್ಲೇ ಕೊನೆಯ ದಿನಾಂಕ ಹೇಳಿಬಿಡಿ, ಮುಚ್ಚಿಡಬೇಡಿ.

ಹಣ ಮುಗಿಯಲು ಒಂಬತ್ತು ತಿಂಗಳಿರುವಾಗ ಮುಂದಿನ ಅರ್ಜಿ ಶುರು ಮಾಡಿ. ಆರು ತಿಂಗಳಿರುವಾಗ ಹಣವಿಲ್ಲದೆಯೂ ನಡೆಯಬಲ್ಲದ್ದು ಯಾವುದೆಂದು ಕುಟುಂಬಗಳೊಂದಿಗೆ ಕೂತು ಗುರುತಿಸಿ. ಮಣಿ ಪೋಣಿಸುವ ಸಂಜೆ ಯಾರದೋ ಮನೆಯಲ್ಲಿ ನಡೆದೀತು, ಹುಟ್ಟುಹಬ್ಬದ ದಿನ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡಾರು. ನಾಲ್ಕು ತಿಂಗಳಿರುವಾಗ ಸಮಾಲೋಚಕರ ಬಳಿ ಹೋಗುತ್ತಿರುವವರನ್ನು ಬೇರೆ ವ್ಯವಸ್ಥೆಗೆ ಸೇರಿಸಿ. ಕೊನೆಯ ಸೇರುವಿಕೆಗೆ ಊಟದ ಹಣ ಮೊದಲೇ ತೆಗೆದಿಟ್ಟಿರಿ, ಮಾಂಸ ಬೇಟೆಗಾರನಿಂದಲೇ ಬರಲಿ, ಚೀಟಿಗೆ ಸಹಿ ಹಾಕಿಸಿಕೊಳ್ಳಿ.